ಮಾಡು ಹೋಗಿ ಗೋಡೆ ಉಳಿದ ಮಠ: ಫೌಂಟನ್ಸ್ ಅಬೆಯನ್ನು ನೋಡುವ ಬಗೆ

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ರಿಪನ್ ಎಂಬ ಊರಿನಿಂದ ನೈಋತ್ಯಕ್ಕೆ ಸುಮಾರು ಐದು ಕಿಲೋಮೀಟರ್ ದೂರದಲ್ಲಿ, ಸ್ಕೆಲ್ ಎಂಬ ಕಿರುನದಿ ಹರಿಯುವ ಇಕ್ಕಟ್ಟಾದ ಕಣಿವೆಯಲ್ಲಿ, ಫೌಂಟನ್ಸ್ ಅಬೆ ಎಂಬ ಕ್ರೈಸ್ತ ಸನ್ಯಾಸಿಗಳ ಮಠದ ಅವಶೇಷಗಳಿವೆ. ಅಲ್ಲಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಗೋಡೆಗಳ ಎತ್ತರ. ಆಮೇಲೆ, ಅಷ್ಟೆತ್ತರದ ಗೋಡೆಗಳ ಮೇಲೆ ಮಾಡು ಇಲ್ಲದಿರುವುದು. ಕಾಲ ಕೆಡವಿತೆಂದೋ ಯುದ್ಧದಲ್ಲಿ ಹಾಳಾಯಿತೆಂದೋ ಭಾವಿಸುವುದು ಸಹಜ. ಆದರೆ ಕಟ್ಟಡ ಗಟ್ಟಿಮುಟ್ಟಾಗಿದ್ದಾಗ, ಅದರ ದೊಡ್ಡ ಗೋಪುರದ ಕಲ್ಲು ಇನ್ನೂ ಹೊಸದಾಗಿದ್ದಾಗಲೇ, ಸರ್ಕಾರದ ಅಧಿಕಾರಿಗಳು ಬಂದು ಪತ್ರಗಳಿಗೆ ಸಹಿ ಮಾಡಿಸಿಕೊಂಡು ಈ ಮಠವನ್ನು ಮುಚ್ಚಿದರು. ಅನಂತರ ಹಣವಾಗಬಲ್ಲ ವಸ್ತುಗಳನ್ನೆಲ್ಲ ಬಿಚ್ಚಿ ಒಯ್ಯಲಾಯಿತು. ಬಿಚ್ಚಿ ಸಾಗಿಸುವುದಕ್ಕೆ ಬೆಲೆಗಿಂತ ಹೆಚ್ಚು ಖರ್ಚು ಬೀಳುತ್ತಿದ್ದುದು ಮಾತ್ರ ಸ್ಥಳದಲ್ಲೇ ಉಳಿಯಿತು. ಇಂದು ನಾವು ನೋಡುವುದು ಆ ಲೆಕ್ಕಾಚಾರದ ಶೇಷವನ್ನು. ಆದ್ದರಿಂದ ಇಂಥ ಜಾಗದಲ್ಲಿ ಇರುವುದನ್ನು ನೋಡಿದಷ್ಟೇ ಗಮನವಿಟ್ಟು ಇಲ್ಲದಿರುವುದನ್ನೂ ನೋಡಬೇಕು, ಅದು ಯಾಕಿಲ್ಲ ಎಂದು ಪ್ರತಿ ಹೆಜ್ಜೆಯಲ್ಲೂ ಕೇಳಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮುಚ್ಚಿದ ಕಥೆಯಿಂದಲೇ ಆರಂಭಿಸುವುದು ಒಳ್ಳೆಯದು. ಎಂಟನೆಯ ಹೆನ್ರಿ 1534ರಲ್ಲಿ ರೋಮಿನ ಪೋಪರ ಅಧಿಕಾರವನ್ನು ಕಳಚಿಹಾಕಿ ಇಂಗ್ಲೆಂಡಿನ ಚರ್ಚಿಗೆ ತಾನೇ ಮುಖ್ಯಸ್ಥನಾದ. ದೇಶದ ಭೂಮಿಯಲ್ಲಿ ದೊಡ್ಡ ಪಾಲು ಮಠಗಳ ಕೈಯಲ್ಲಿತ್ತು, ಅರಸನಿಗೆ ಹಣದ ಅವಶ್ಯಕತೆಯಿತ್ತು. 1536ರ ಕಾಯ್ದೆ ವರ್ಷಕ್ಕೆ 200 ಪೌಂಡ್‌ಗಿಂತ ಕಡಿಮೆ ಆದಾಯವಿದ್ದ ಮಠಗಳನ್ನು ಮುಚ್ಚಿಸಿತು. ಫೌಂಟನ್ಸ್‌ನ ಆದಾಯ 1,000 ಪೌಂಡ್‌ಗೂ ಮೀರಿತ್ತು. ಇಂಗ್ಲೆಂಡಿನಲ್ಲಿ ಸಿಸ್ಟರ್ಸಿಯನ್ ಎಂಬ ಸನ್ಯಾಸಿಪಂಥಕ್ಕೆ ಸೇರಿದ ಮಠಗಳಲ್ಲೆಲ್ಲ ಅದೇ ಅತ್ಯಂತ ಶ್ರೀಮಂತವಾಗಿದ್ದುದರಿಂದ ಆ ಸುತ್ತಿನಲ್ಲಿ ಉಳಿದುಕೊಂಡಿತು. ಆದರೆ ಅಧಿಕಾರಿಗಳ ಒತ್ತಡಕ್ಕೆ ಸಿಲುಕಿ ಮಠಾಧಿಪತಿ ವಿಲಿಯಂ ಥರ್ಸ್ಕ್ ಅದೇ ವರ್ಷ ಪದವಿಯಿಂದ ಇಳಿಯಬೇಕಾಯಿತು. ಉತ್ತರ ಇಂಗ್ಲೆಂಡಿನ ಬಂಡಾಯದಲ್ಲಿ ಪಾಲುಗೊಂಡ ಆರೋಪದ ಮೇಲೆ 1537ರಲ್ಲಿ ಅವರನ್ನು ಲಂಡನ್ನಿನಲ್ಲಿ ಗಲ್ಲಿಗೇರಿಸಿದರು. ಅವರ ಜಾಗಕ್ಕೆ ಬಂದ ಮಾರ್ಮಡ್ಯೂಕ್ ಬ್ರಾಡ್ಲಿ 1539ರ ನವೆಂಬರ್ 26ರಂದು ಮಠವನ್ನು ಅರಸನಿಗೆ ಒಪ್ಪಿಸಿದರು. ಮಠಾಧಿಪತಿಗೂ ಸುಮಾರು ಮೂವತ್ತು ಸನ್ಯಾಸಿಗಳಿಗೂ ಪಿಂಚಣಿ ಗೊತ್ತುಮಾಡಿ ಕಳುಹಿಸಲಾಯಿತು. ಸುಮಾರು ನಾನೂರು ವರ್ಷಗಳ ನಿತ್ಯವಿಧಿ ಅಲ್ಲಿಗೆ ನಿಂತಿತು.

ಆಗಿನ ಕಾಲದಲ್ಲಿ ಇಂಥ ಕಟ್ಟಡದಲ್ಲಿ ಅತಿ ಬೆಲೆಬಾಳುತ್ತಿದ್ದುದು ಸೀಸ. ಮಾಡಿಗೆ ಹೊದಿಸಿದ್ದು, ನೀರಿನ ಕೊಳವೆಗಳಿಗೆ ಬಳಸಿದ್ದು, ಕಿಟಕಿಯ ಬಣ್ಣದ ಗಾಜಿನ ಚೂರುಗಳನ್ನು ಹಿಡಿದಿಟ್ಟಿದ್ದು ಎಲ್ಲವೂ ಸೀಸವೇ. ಅದನ್ನು ಕಿತ್ತು, ಮಾಡಿನ ತೊಲೆಗಳನ್ನೇ ಸೌದೆಯಾಗಿ ಉರಿಸಿ, ಸ್ಥಳದಲ್ಲೇ ಕರಗಿಸಿ ಗಟ್ಟಿಗಳನ್ನಾಗಿ ಎರಕ ಹೊಯ್ಯುವುದು ಆಗ ದೇಶದುದ್ದಕ್ಕೂ ನಡೆದ ಪದ್ಧತಿ. ಇದೇ ಯಾರ್ಕ್‌ಷೈರ್‌ನ ರೀವೋ ಮಠದಲ್ಲಿ, ಕುಸಿದ ಪಶ್ಚಿಮದ ಗೋಡೆಯಡಿ ಹೂತುಹೋಗಿದ್ದ ಅಂಥ ಸೀಸದ ಗಟ್ಟಿಗಳು ಇಪ್ಪತ್ತನೆಯ ಶತಮಾನದ ಉತ್ಖನನದಲ್ಲಿ ಅರಸನ ಮುದ್ರೆಯ ಸಮೇತ ಸಿಕ್ಕಿದವು. ಯಾರ್ಕ್ ಕೆಥೆಡ್ರಲ್ಲಿನ, ಅಂದರೆ ಬಿಷಪ್ ಪೀಠವಿರುವ ದೊಡ್ಡ ಚರ್ಚಿನ, ಪ್ರಸಿದ್ಧ ಕಿಟಕಿಯ ದುರಸ್ತಿಗೆ ಅವನ್ನು ಬಳಸಲಾಯಿತು. ಸೀಸ ಹೋದ ಮೇಲೆ ಮಾಡು ನಿಲ್ಲುವುದಿಲ್ಲ, ಮಾಡು ಹೋದ ಮೇಲೆ ಮಳೆನೀರು ಗೋಡೆಯ ತಲೆಯಿಂದ ಒಳಗಿಳಿದು ಗಾರೆಯನ್ನು ತೊಳೆಯುತ್ತದೆ. ಘಂಟೆಗಳು ಕಂಚಿನ ತೂಕಕ್ಕೆ ಹೋದವು, ಗಾಜು ಗಾಜಿನ ಬೆಲೆಗೆ ಹೋಯಿತು. ಫೌಂಟನ್ಸ್‌ಗೆ ಸ್ವಲ್ಪ ಬಿಡುವು ಸಿಕ್ಕಿದ್ದಕ್ಕೂ ಕಾರಣವಿದೆ: ಈ ಭಾಗಕ್ಕೊಂದು ಹೊಸ ಬಿಷಪ್ ಪೀಠ ಸ್ಥಾಪಿಸಿ ಇದನ್ನೇ ಅದರ ಕೆಥೆಡ್ರಲ್ ಮಾಡುವ ಆಲೋಚನೆ ಕೆಲಕಾಲ ಇತ್ತು. ಕೊನೆಗೆ 1541ರಲ್ಲಿ ಆ ಪೀಠ ಚೆಸ್ಟರ್‌ಗೆ ಹೋಯಿತು. ಅಷ್ಟರಲ್ಲಿ, 1540ರಲ್ಲೇ, ಲಂಡನ್ನಿನ ವರ್ತಕ ರಿಚರ್ಡ್ ಗ್ರೆಶಮ್ ಮಠದ ಆಸ್ತಿಯನ್ನು ಕೊಂಡುಕೊಂಡಿದ್ದ.

ಇನ್ನು ಈ ಗೋಡೆಗಳು ಯಾಕೆ ಹೀಗೆ ನಿಂತಿವೆ ಎಂಬುದಕ್ಕೆ ಬರೋಣ. ಯಾರ್ಕ್ ನಗರದ ಸೇಂಟ್ ಮೇರೀಸ್ ಮಠದಲ್ಲಿ ಸನ್ಯಾಸಜೀವನ ಸಡಿಲವಾಗಿದೆಯೆಂದು ಅಸಮಾಧಾನಗೊಂಡ ಹದಿಮೂರು ಮಂದಿ ಸನ್ಯಾಸಿಗಳು 1132ರಲ್ಲಿ ಜಗಳವಾಗಿ ಹೊರಬಂದರು. ಯಾರ್ಕಿನ ಆರ್ಚ್‌ಬಿಷಪ್ ಥರ್ಸ್ಟನ್ ಅವರಿಗೆ ಆಶ್ರಯ ಕೊಟ್ಟು, ಆ ವರ್ಷದ ಡಿಸೆಂಬರ್ 27ರಂದು ಸ್ಕೆಲ್ ಕಣಿವೆಯ ಈ ಪಾಳುಜಾಗವನ್ನು ದಾನ ಮಾಡಿದರು. ಚಳಿಗಾಲದ ನಡುಮಧ್ಯದಲ್ಲಿ ಅವರು ದೊಡ್ಡದೊಂದು ಎಲ್ಮ್ ಮರದಡಿ ತಂಗಿದ್ದರೆಂದು ಮಠದ ಪರಂಪರೆ ಹೇಳುತ್ತದೆ. ಅನಂತರ ಅವರು ಫ್ರಾನ್ಸಿನ ಕ್ಲೇರ್ವೋ ಮಠದ ಸಂತ ಬರ್ನಾರ್ಡರಿಗೆ ಪತ್ರ ಬರೆದು ಸಿಸ್ಟರ್ಸಿಯನ್ ಪಂಥವನ್ನು ಸೇರಿದರು. 1098ರಲ್ಲಿ ಫ್ರಾನ್ಸಿನ ಸೀಟೋ ಎಂಬಲ್ಲಿ ಹುಟ್ಟಿದ ಈ ಪಂಥದ ನಿಲುವು ಸರಳ: ಸಂತ ಬೆನೆಡಿಕ್ಟರ ನಿಯಮವನ್ನು ಅಕ್ಷರಶಃ ಪಾಲಿಸಬೇಕು, ಊರುಗಳಿಂದ ದೂರವಿರಬೇಕು, ಬಣ್ಣ ಹಾಕದ ಉಣ್ಣೆ ಉಡಬೇಕು, ಆಡಂಬರ ಬಿಡಬೇಕು, ತಮ್ಮ ದುಡಿಮೆಯಿಂದಲೇ ಬದುಕಬೇಕು. ಆದರೂ ಮೊದಲ ವರ್ಷಗಳು ಎಷ್ಟು ಕಷ್ಟದವಾಗಿದ್ದವೆಂದರೆ, ಯಾರ್ಕ್ ಕೆಥೆಡ್ರಲ್ಲಿನ ಡೀನ್ (ಮುಖ್ಯ ಪಾದ್ರಿ) ಆಗಿದ್ದ ಹ್ಯೂ ತನ್ನ ಸಂಪತ್ತು, ಪುಸ್ತಕಗಳ ಸಮೇತ ಬಂದು ಸೇರದಿದ್ದರೆ ಮಠ ಅಲ್ಲಿಗೇ ಕೊನೆಯಾಗುತ್ತಿತ್ತು.

ಸಿಸ್ಟರ್ಸಿಯನ್ನರ ದುಡಿಮೆಯ ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳದೆ ಈ ಮಠದ ನಕ್ಷೆ ಅರ್ಥವಾಗದು. ಒಂದೇ ಪ್ರಾಕಾರದೊಳಗೆ ಎರಡು ಸಮುದಾಯಗಳಿದ್ದವು. ಒಂದು, ಲ್ಯಾಟಿನ್ ಬಲ್ಲ, ರಾತ್ರಿಯ ಪೂಜೆಯಿಂದ ಹಿಡಿದು ಹಗಲಿನುದ್ದಕ್ಕೂ ಗೊತ್ತುಪಡಿಸಿದ ಹೊತ್ತುಗಳಲ್ಲಿ ಚರ್ಚಿನಲ್ಲಿ ಕೀರ್ತನೆಗಳನ್ನು ಹಾಡುವ ಸನ್ಯಾಸಿಗಳದು. ಇನ್ನೊಂದು, ಲೇ ಬ್ರದರ್ ಎಂದು ಕರೆಯಲಾಗುವ ದುಡಿಮೆಯ ಸಹೋದರರದು. ಅವರೂ ವ್ರತ ತೊಟ್ಟವರೇ, ಆದರೆ ಹೆಚ್ಚಿನವರು ಓದುಬರಹ ಬಾರದವರು, ಹೊಲ, ಕುರಿ, ಗಿರಣಿ, ಕಲ್ಲುಕೆಲಸಗಳನ್ನು ನೋಡಿಕೊಳ್ಳುವವರು. ಇಬ್ಬರಿಗೂ ಬೇರೆ ಬೇರೆ ಭೋಜನಶಾಲೆ, ಬೇರೆ ಮಲಗುವ ಜಾಗ, ಬೇರೆ ಶೌಚಾಲಯ, ಚರ್ಚಿನಲ್ಲೂ ಬೇರೆ ಬೇರೆ ಭಾಗ. ಮಠ ನೋಡುವಾಗ ಪೂರ್ವದ ಕಡೆಯದು ಸನ್ಯಾಸಿಗಳದು, ಪಶ್ಚಿಮದ ಕಡೆಯದು ಸಹೋದರರದು ಎಂದು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ನನ್ನ ಸಲಹೆ ಏನೆಂದರೆ, ಸಾಧ್ಯವಾದರೆ ಪಶ್ಚಿಮದ ದ್ವಾರದಿಂದ ಒಳಗೆ ಹೋಗಿ. ಮಠದ ಹೆಬ್ಬಾಗಿಲು ಇದ್ದುದೂ ಪಶ್ಚಿಮದಲ್ಲೇ. ಹಳೆಯ ಕಾಲದ ಅತಿಥಿಯೋ ಉಣ್ಣೆಯ ವ್ಯಾಪಾರಿಯೋ ಬರುತ್ತಿದ್ದ ದಿಕ್ಕು ಅದು. ಆ ದಾರಿಯಲ್ಲಿ ಮೊದಲು ಸಿಗುವುದು ಹಿಟ್ಟಿನ ಗಿರಣಿ. ಹನ್ನೆರಡನೆಯ ಶತಮಾನದಲ್ಲಿ ಕಟ್ಟಿದ ಈ ನೀರಿನ ಗಿರಣಿ 1927ರವರೆಗೂ ಕೆಲಸ ಮಾಡಿತು. ಮಠ ಮುಚ್ಚಿದ ಮೇಲೂ ಊರಿನವರಿಗೆ ಹಿಟ್ಟು ಬೇಕಿತ್ತು. ಹಾಗಾಗಿ ಅದರ ಮಾಡು ಕೀಳುವ ಪ್ರಸಂಗವೇ ಬರಲಿಲ್ಲ. ಬಳಿಯಲ್ಲೇ ಇರುವ ಫೌಂಟನ್ಸ್ ಹಾಲ್ ಎಂಬ ಸೊಗಸಾದ ಬಂಗಲೆಯನ್ನು ಸ್ಟೀಫನ್ ಪ್ರಾಕ್ಟರ್ ಎಂಬಾತ ಹದಿನಾರನೆಯ ಶತಮಾನದ ಕೊನೆಯಿಂದ ಹದಿನೇಳನೆಯ ಶತಮಾನದ ಮೊದಲ ವರ್ಷಗಳವರೆಗೆ ಕಟ್ಟಿಸಿದ. ಅದಕ್ಕೆ ಬಳಸಿದ ಕಲ್ಲಿನಲ್ಲಿ ಒಂದು ಭಾಗ ಮಠದ ಕಟ್ಟಡಗಳಿಂದ ಬಂದದ್ದು. ಕಾಣೆಯಾದ ಗೋಡೆಗಳಲ್ಲಿ ಕೆಲವು ಎಲ್ಲಿಗೂ ದೂರ ಹೋಗಿಲ್ಲ, ಇಲ್ಲೇ ಇನ್ನೊಂದು ರೂಪದಲ್ಲಿ ನಿಂತಿವೆ.

ಮುಂದೆ ಸಿಗುವ ಪಶ್ಚಿಮದ ಕಟ್ಟಡಸಾಲು ಫೌಂಟನ್ಸ್‌ನ ಅತ್ಯಂತ ಪ್ರಸಿದ್ಧ ದೃಶ್ಯ. 90 ಮೀಟರಿಗೂ ಹೆಚ್ಚು ಉದ್ದದ, 22 ಅಂಕಣಗಳ ಇದರ ಕೆಳಅಂತಸ್ತಿನ ನಡುವೆ ಒಂದೇ ಸಾಲಿನ ಕಂಬಗಳಿದ್ದು, ಅವುಗಳಿಂದ ಕಮಾನಿನ ಪಕ್ಕೆಗಳು ಚಿಮ್ಮಿ ಛಾವಣಿಯಲ್ಲಿ ಹರಡಿಕೊಳ್ಳುತ್ತವೆ. ಇಲ್ಲಿ ಛಾವಣಿ ಉಳಿದಿರುವುದಕ್ಕೆ ಕಾರಣ ಅದು ಕಲ್ಲಿನದಾಗಿರುವುದು. ಕಲ್ಲಿನ ಕಮಾನನ್ನು ಬಿಚ್ಚಿ ಲಾಭ ಮಾಡಿಕೊಳ್ಳುವುದು ಸುಲಭವಲ್ಲ. ಛಾಯಾಚಿತ್ರಗಳಲ್ಲಿ ಇದು ಕೊನೆಯೇ ಕಾಣದ ಒಂದು ಮಹಾಮಂಟಪದಂತೆ ತೋರುತ್ತದೆ. ಆದರೆ ಮಠ ನಡೆಯುತ್ತಿದ್ದಾಗ ಯಾರೂ ಇದನ್ನು ಹೀಗೆ ಕಂಡಿರಲಿಲ್ಲ. ದಕ್ಷಿಣದ ಭಾಗ ಸಹೋದರರ ಭೋಜನಶಾಲೆಯಾಗಿತ್ತು, ಉತ್ತರದ ಭಾಗ ದವಸ, ಉಣ್ಣೆ ಮೊದಲಾದವುಗಳ ಉಗ್ರಾಣ, ನಡುವೆ ಹೊರಗಿನವರೊಡನೆ ಮಾತುಕತೆಗೆ ಒಂದು ಕೋಣೆ, ಓಡಾಡಲು ದಾರಿ, ಇವುಗಳ ನಡುವೆಲ್ಲ ಅಡ್ಡಗೋಡೆಗಳು. ಆ ಅಡ್ಡಗೋಡೆಗಳು ಹೋದದ್ದರಿಂದ ನಮಗೆ ಈ ಭವ್ಯತೆ ದೊರಕಿದೆ. ಇದನ್ನು ತಿಳಿದು ನೋಡಿದರೆ ಸೊಬಗು ಕಡಿಮೆಯಾಗುವುದಿಲ್ಲ. ಬದಲಾಗಿ, ಕತ್ತಲು, ಕಿಕ್ಕಿರಿದ ಮೂಟೆಗಳು, ಮೇಲಂತಸ್ತಿನಲ್ಲಿ ಸಾಲಾಗಿ ಮಲಗುತ್ತಿದ್ದ ದುಡಿಮೆಗಾರರು ಇವೆಲ್ಲವೂ ಆ ಜಾಗಕ್ಕೆ ಮರಳುತ್ತವೆ. ಈಗ ಅಲ್ಲಿ ಬಾವಲಿಗಳು ವಾಸವಾಗಿವೆ. ಕಾನೂನಿನ ರಕ್ಷಣೆ ಅವಕ್ಕೂ ಇದೆ.

ಈ ಉಗ್ರಾಣವನ್ನು ತುಂಬಿದ್ದು ಮುಖ್ಯವಾಗಿ ಕುರಿ. ಸುತ್ತಲಿನ ಗುಡ್ಡಗಳಲ್ಲಿ ಮಠಕ್ಕೆ ವಿಶಾಲವಾದ ಹುಲ್ಲುಗಾವಲುಗಳಿದ್ದವು. ಅಲ್ಲಲ್ಲಿ ಗ್ರೇಂಜ್ ಎಂಬ ತೋಟದ ಮನೆಗಳನ್ನು ಕಟ್ಟಿ ಸಹೋದರರು ನಡೆಸುತ್ತಿದ್ದರು. ಮಾಲಮ್ ಸೀಮೆಯ ಒಂದು ಬೆಟ್ಟವನ್ನು ಇಂದಿಗೂ ಫೌಂಟನ್ಸ್ ಫೆಲ್ ಎಂದೇ ಕರೆಯುತ್ತಾರೆ. ಇಟಲಿಯ ವರ್ತಕರು ಇಲ್ಲಿನ ಉಣ್ಣೆಗೆ ಮುಂಗಡ ಹಣ ಕೊಡುತ್ತಿದ್ದರು. ಮುಂದಿನ ವರ್ಷಗಳ ಉಣ್ಣೆಯನ್ನು ಈಗಲೇ ಮಾರಿ, ಕುರಿಗಳಿಗೆ ರೋಗ ಬಂದಾಗ ಕೊಡಲಾಗದೆ, ಹದಿಮೂರನೆಯ ಶತಮಾನದ ಕೊನೆಯ ಹೊತ್ತಿಗೆ ಮಠ ದೊಡ್ಡ ಸಾಲದಲ್ಲಿ ಸಿಕ್ಕಿಬಿದ್ದಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಪಡೆಗಳ ದಾಳಿ, ಆಮೇಲೆ 1348-49ರ ಪ್ಲೇಗಿನ ಮಹಾಪಿಡುಗು ಬಂದವು. ದುಡಿಯುವವರು ಸಿಗದೆ ಸಹೋದರರ ಸಮುದಾಯ ಕರಗುತ್ತ ಬಂದು, ಭೂಮಿಯನ್ನು ಗೇಣಿಗೆ ಕೊಡುವುದು ರೂಢಿಯಾಯಿತು. ಪಶ್ಚಿಮದ ಸಾಲು ಯಾರಿಗಾಗಿ ಎದ್ದಿತ್ತೋ ಅವರು ಮಠ ಮುಚ್ಚುವುದಕ್ಕಿಂತ ಬಹಳ ಮೊದಲೇ ಇಲ್ಲವಾಗಿದ್ದರು.

ಅಲ್ಲಿಂದ ಚರ್ಚಿನೊಳಗೆ ಹೋದರೆ ಕಾಣುವ ಹನ್ನೊಂದು ಅಂಕಣಗಳ ಉದ್ದನೆಯ ನಡುಭಾಗದಲ್ಲೂ ಇದೇ ಎಚ್ಚರಿಕೆ ಬೇಕು. ಪಶ್ಚಿಮದ ಬಾಗಿಲಿನಿಂದ ಪೂರ್ವದ ಕಿಟಕಿಯವರೆಗೆ ತಡೆಯಿಲ್ಲದೆ ಹರಿಯುವ ನೋಟ ಆಗ ಇರಲಿಲ್ಲ. ಮರದ, ಕಲ್ಲಿನ ತೆರೆಗಳು ಸಹೋದರರ ಭಾಗವನ್ನು ಸನ್ಯಾಸಿಗಳ ಭಾಗದಿಂದ ಬೇರ್ಪಡಿಸಿದ್ದವು. ದಪ್ಪ ದುಂಡುಕಂಬಗಳು, ಅಲಂಕಾರವಿಲ್ಲದ ಬೋದಿಗೆಗಳು, ಮೊನಚಾದ ಕಮಾನುಗಳು, ಮೇಲೆ ದುಂಡು ತಲೆಯ ಕಿಟಕಿಗಳು ಇವು ಹನ್ನೆರಡನೆಯ ಶತಮಾನದ ಮಧ್ಯಭಾಗದ ಕೆಲಸ. ಕಲ್ಲು ತಂದದ್ದು ಹತ್ತಿರದಿಂದಲೇ. ಕಣಿವೆಯ ಎರಡು ಬದಿಯ ಮರಳುಗಲ್ಲಿನ ಬಂಡೆಗಳನ್ನು ಕಡಿದ ಗುರುತು ಈಗಲೂ ಕಾಣುತ್ತದೆ. ಇದಕ್ಕಿಂತ ಹಿಂದಿನ ಚರ್ಚು, ಶಿಲುಬೆಯಾಕಾರದ ಈ ಚರ್ಚಿನ ದಕ್ಷಿಣದ ಅಡ್ಡತೋಳಿನ ನೆಲದಡಿ ಇದೆ: ಮೊದಲು ಕಟ್ಟಿದ ಮರದ ಕಟ್ಟಡದ ಕಂಬಗಳ ಕುಣಿಗಳನ್ನು ಉತ್ಖನನಕಾರರು ಅಲ್ಲಿ ಪತ್ತೆಹಚ್ಚಿದ್ದಾರೆ. 1146ರಲ್ಲಿ ಯಾರ್ಕಿನ ಆರ್ಚ್‌ಬಿಷಪ್ ಪದವಿಯ ವ್ಯಾಜ್ಯದಲ್ಲಿ ಮಠಾಧಿಪತಿ ಹೆನ್ರಿ ಮರ್ಡಾಕ್ ಒಂದು ಪಕ್ಷ ಹಿಡಿದದ್ದಕ್ಕೆ ಸಿಟ್ಟಾದ ಎದುರುಪಕ್ಷದವರು ನುಗ್ಗಿ ಮಠಕ್ಕೆ ಬೆಂಕಿಯಿಟ್ಟರು. ಇಂದು ನಿಂತಿರುವ ದೊಡ್ಡ ಚರ್ಚು ಆ ಬೆಂಕಿಯ ಬಳಿಕ ಎದ್ದದ್ದು.

ಪೂರ್ವದ ತುದಿಯಲ್ಲಿ ಹದಿಮೂರನೆಯ ಶತಮಾನದ ನವಪೀಠಗಳ ಪ್ರಾರ್ಥನಾಮಂದಿರವಿದೆ. ಪಾದ್ರಿದೀಕ್ಷೆ ಪಡೆದ ಸನ್ಯಾಸಿಗಳ ಸಂಖ್ಯೆ ಹೆಚ್ಚಿದಂತೆ ಪ್ರತಿಯೊಬ್ಬರೂ ಪೂಜೆ ಸಲ್ಲಿಸಲು ಹೆಚ್ಚು ಬಲಿಪೀಠಗಳು ಬೇಕಾದವು. ಅದಕ್ಕಾಗಿ ಒಂಬತ್ತು ಪೀಠಗಳನ್ನು ಒಂದೇ ಸಾಲಿನಲ್ಲಿ ಇರಿಸುವಂತೆ ಅಡ್ಡಲಾಗಿ ಈ ಭಾಗವನ್ನು ಕಟ್ಟಿದರು. ಇಂಗ್ಲೆಂಡಿನಲ್ಲಿ ಇಂಥದ್ದು ಇನ್ನೊಂದಿರುವುದು ಡರಮ್ ಕೆಥೆಡ್ರಲ್ಲಿನಲ್ಲಿ ಮಾತ್ರ. ಇಲ್ಲಿನ ಕಂಬಗಳು ನೀಳವಾಗಿ ಆಕಾಶಕ್ಕೇರುತ್ತವೆ. ಅವುಗಳ ಸುತ್ತ ನಿಡರ್‌ಡೇಲ್ ಕಣಿವೆಯ ಕಪ್ಪು ಅಮೃತಶಿಲೆಯ ತೆಳುಕಂಬಗಳಿದ್ದವು. ಅವಕ್ಕೆ ಬೆಲೆಯಿತ್ತು, ಆದ್ದರಿಂದ ಈಗ ಇಲ್ಲ. ಇಲ್ಲೊಂದು ಸೂಕ್ಷ್ಮ ನೋಡಬೇಕಾದದ್ದಿದೆ. ಹದಿನೈದನೆಯ ಶತಮಾನದ ಕೊನೆಗೆ ಕಲ್ಲಿನ ಕಮಾನು ಛಾವಣಿಯ ಒತ್ತಡಕ್ಕೆ ಗೋಡೆಗಳು ಬಿರುಕು ಬಿಟ್ಟಾಗ, ಮಠಾಧಿಪತಿ ಜಾನ್ ಡಾರ್ನ್‌ಟನ್ ಆ ಛಾವಣಿಯನ್ನು ಇಳಿಸಿ, ಪೂರ್ವದಲ್ಲಿ ಬೃಹತ್ ಕಿಟಕಿ ತೆರೆಸಿ, ಬಿರುಕಿದ್ದ ಕಡೆ ಕೆತ್ತನೆಯ ಕಲ್ಲುಗಳನ್ನು ಕೂರಿಸಿದರು. ತಲೆಯೆತ್ತಿ ಹುಡುಕಿದರೆ ಅವುಗಳಲ್ಲೊಂದು ದೇವದೂತನ ಶಿಲ್ಪವನ್ನು ಕಾಣಬಹುದು. ದುರಸ್ತಿಯನ್ನೇ ಅಲಂಕಾರ ಮಾಡಿದ ಆ ಕುಶಲತೆ ನನಗೆ ಈ ಮಠದಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು.

ಉತ್ತರದ ಅಡ್ಡತೋಳಿನ ತುದಿಗೆ ನಿಂತಿರುವ ಸುಮಾರು 50 ಮೀಟರ್ ಎತ್ತರದ ಗೋಪುರವನ್ನು ಕಟ್ಟಿಸಿದವರು 1495ರಿಂದ 1526ರವರೆಗೆ ಮಠಾಧಿಪತಿಯಾಗಿದ್ದ ಮಾರ್ಮಡ್ಯೂಕ್ ಹ್ಯೂಬಿ. ಸಿಸ್ಟರ್ಸಿಯನ್ ಪಂಥ 1157ರಷ್ಟು ಹಿಂದೆಯೇ ಕಲ್ಲಿನ ಘಂಟೆಗೋಪುರಗಳನ್ನು ನಿಷೇಧಿಸಿತ್ತು. ಮರದಡಿ ಮಲಗಿ ಆರಂಭಿಸಿದವರ ಮಠ ಮೂರೂವರೆ ಶತಮಾನಗಳಲ್ಲಿ ಎಲ್ಲಿಗೆ ಬಂದು ಮುಟ್ಟಿತೆಂಬುದಕ್ಕೆ ಈ ಗೋಪುರವೇ ಸಾಕ್ಷಿ. ಆದರೂ ಇದನ್ನು ಬರಿಯ ಗರ್ವವೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನನಗನಿಸುತ್ತದೆ. ಸಾಲ ತೀರಿಸಿ, ಕುಸಿಯುತ್ತಿದ್ದ ಕಟ್ಟಡಗಳನ್ನು ಎತ್ತಿ ನಿಲ್ಲಿಸಿ, ಶಿಸ್ತನ್ನು ಮರಳಿ ತಂದವರಲ್ಲಿ ಹ್ಯೂಬಿ ಪ್ರಮುಖರು. ಗೋಪುರದ ಸುತ್ತ ಪಟ್ಟಿಯಾಗಿ ಕೊರೆಸಿದ ಲ್ಯಾಟಿನ್ ಬರಹಗಳಲ್ಲಿ ಗೌರವವೂ ಮಹಿಮೆಯೂ ದೇವರೊಬ್ಬನಿಗೇ ಎಂಬ ಬೈಬಲಿನ ಮಾತನ್ನು ಹಾಕಿಸಿದ್ದಾರೆ. ಒಳಗೆ ನಿಂತು ಮೇಲೆ ನೋಡಿದರೆ ಅಂತಸ್ತುಗಳ ನೆಲವೆಲ್ಲ ಹೋಗಿ ಗೋಪುರ ಬರಿಯ ಕಲ್ಲಿನ ಕೊಳವೆಯಾಗಿದೆ: ನೆಲ ಮರದ್ದಾಗಿತ್ತು.

ಚರ್ಚಿನ ದಕ್ಷಿಣಕ್ಕೆ ಸುಮಾರು 38 ಮೀಟರ್ ಚೌಕದ ಅಂಗಳವಿದೆ. ನಮ್ಮ ತೊಟ್ಟಿಮನೆಯಲ್ಲಿ ನಡುವೆ ಬಯಲು, ಸುತ್ತ ಪಡಸಾಲೆ, ಅದಕ್ಕೆ ತೆರೆದುಕೊಳ್ಳುವ ಕೋಣೆಗಳಿರುವ ಹಾಗೆಯೇ ಇಲ್ಲಿಯೂ ಇತ್ತು. ಸುತ್ತಲಿನ ಪಡಸಾಲೆ ಮಾತ್ರ ಈಗಿಲ್ಲ. ಪೂರ್ವದ ಬದಿಯಲ್ಲಿ ಮೂರು ಕಮಾನುಗಳ ಹಿಂದೆ ಸಭಾಗೃಹವಿದೆ. ಸನ್ಯಾಸಿಗಳು ದಿನವೂ ಅಲ್ಲಿ ಸೇರಿ ಬೆನೆಡಿಕ್ಟರ ನಿಯಮದ ಒಂದು ಅಧ್ಯಾಯ ಕೇಳಿ, ತಪ್ಪುಗಳನ್ನು ಒಪ್ಪಿಕೊಂಡು, ಮಠದ ವ್ಯವಹಾರ ಚರ್ಚಿಸುತ್ತಿದ್ದರು. ಹಿಂದಿನ ಮಠಾಧಿಪತಿಗಳ ಸಮಾಧಿಕಲ್ಲುಗಳು ಅದರ ನೆಲದಲ್ಲೇ ಇವೆ. ಮೇಲಂತಸ್ತಿನಲ್ಲಿ ಶಯನಶಾಲೆ ಇತ್ತು. ನಡುರಾತ್ರಿಯ ಪೂಜೆಗೆ ಅಲ್ಲಿಂದ ನೇರ ಚರ್ಚಿಗೆ ಇಳಿಯುವ ಮೆಟ್ಟಿಲುಗಳಿದ್ದವು. ದಕ್ಷಿಣದ ಬದಿಯಲ್ಲಿ ಭೋಜನಶಾಲೆ ನದಿಯ ಕಡೆಗೆ ಉದ್ದಕ್ಕೆ ಚಾಚಿದೆ. ಅದನ್ನು ಅಂಗಳಕ್ಕೆ ಸಮಾನಾಂತರವಾಗಿ ಮಲಗಿಸದೆ ಹೀಗೆ ತಿರುಗಿಸಿದ್ದರಿಂದ, ಒಂದು ಪಕ್ಕದಲ್ಲಿ ಅಡುಗೆಮನೆಗೂ ಇನ್ನೊಂದು ಪಕ್ಕದಲ್ಲಿ ಬೆಂಕಿಯ ಕೋಣೆಗೂ ಜಾಗ ಸಿಕ್ಕಿತು. ಅಡುಗೆಮನೆ ಎರಡೂ ಸಮುದಾಯಗಳ ಭೋಜನಶಾಲೆಗಳ ನಡುವೆ ಬಂದು ಎರಡಕ್ಕೂ ಬಡಿಸಲು ಅನುಕೂಲವಾಯಿತು. ಊಟ ಮೌನದಲ್ಲಿ, ಒಬ್ಬ ಸನ್ಯಾಸಿ ಗೋಡೆಯ ದಪ್ಪದಲ್ಲೇ ಕೊರೆದ ಮೆಟ್ಟಿಲು ಹತ್ತಿ ಧರ್ಮಗ್ರಂಥ ಓದುತ್ತಿದ್ದ, ಆ ಮೆಟ್ಟಿಲು ಇನ್ನೂ ಇದೆ. ಚಳಿಗಾಲದಲ್ಲಿ ಸನ್ಯಾಸಿಗಳು ಮೈ ಕಾಯಿಸಿಕೊಳ್ಳಲು ಅವಕಾಶವಿದ್ದುದು ಬೆಂಕಿಯ ಕೋಣೆಯಲ್ಲಿ ಮಾತ್ರ, ಮತ್ತು ಅದರ ಮೇಲಿನ ಕೋಣೆಯಲ್ಲಿ ಮಠದ ದಾನಪತ್ರ, ಭೂದಾಖಲೆಗಳನ್ನು ಇಡುತ್ತಿದ್ದರು: ಕೆಳಗಿನ ಕಾವು ಚರ್ಮದ ಹಾಳೆಗಳನ್ನು ತೇವದಿಂದ ಕಾಪಾಡುತ್ತಿತ್ತು.

ಇದೆಲ್ಲವನ್ನೂ ಸಾಧ್ಯವಾಗಿಸಿದ್ದು ನೀರು. ಸ್ಕೆಲ್ ನದಿಯ ಪಾತ್ರವನ್ನು ತಿದ್ದಿ, ಕಲ್ಲಿನ ಸುರಂಗಗಳಲ್ಲಿ ಹರಿಸಿ, ಅದರ ಮೇಲೆಯೇ ಕಟ್ಟಡಗಳನ್ನು ನಿಲ್ಲಿಸಿದರು. ಪಶ್ಚಿಮದ ಸಾಲಿನ ದಕ್ಷಿಣ ತುದಿ ನದಿಯನ್ನು ದಾಟುತ್ತದೆ. ಶೌಚಾಲಯಗಳು ಹರಿವ ನೀರಿನ ಮೇಲಿದ್ದವು. ಪೂರ್ವದಲ್ಲಿ ಮುದುಕರೂ ರೋಗಿಗಳೂ ಇರುತ್ತಿದ್ದ ಆರೈಕೆಮನೆಯನ್ನು ನಾಲ್ಕು ಸಾಲು ಸುರಂಗಗಳ ಮೇಲೆ ಕಟ್ಟಿದ್ದರು. ಆರೈಕೆಮನೆ ಹೋಗಿದೆ, ಸುರಂಗಗಳಲ್ಲಿ ನೀರು ಹರಿಯುತ್ತಲೇ ಇದೆ. ಬಹಳ ಮಂದಿ ಗೋಪುರದ ಚಿತ್ರ ತೆಗೆದು ಹಿಂದಿರುಗುತ್ತಾರೆ. ದಕ್ಷಿಣದ ದಂಡೆಗೆ ಹೋಗಿ ಈ ಸುರಂಗಗಳ ಬಾಯಿಗಳನ್ನು ನೋಡುವವರು ಕಡಿಮೆ. ಎಂಟು ಶತಮಾನಗಳಿಂದ ಭಾರ ಹೊತ್ತಿರುವ ಆ ಕೆಲಸ ಗೋಪುರಕ್ಕಿಂತ ಕಡಿಮೆ ದರ್ಜೆಯದಲ್ಲ.

ಇಂದು ಕಾಣುವ ಹಸಿರು ಹುಲ್ಲುಹಾಸು, ಮರಗಳ ನಡುವೆ ಚಿತ್ರದಂತೆ ಇಣುಕುವ ಗೋಡೆಗಳು ಮಠದ ಕಾಲದವಲ್ಲ. 1720ರ ಸೌತ್ ಸೀ ಕಂಪನಿಯ ಷೇರು ಹಗರಣದಲ್ಲಿ ಖಜಾನೆ ಸಚಿವ ಪದವಿಯನ್ನೂ ಸಂಸತ್ತಿನ ಸ್ಥಾನವನ್ನೂ ಕಳೆದುಕೊಂಡ ಜಾನ್ ಐಸ್ಲಬಿ, ಪಕ್ಕದ ಸ್ಟಡ್ಲಿ ರಾಯಲ್ ಎಸ್ಟೇಟಿನಲ್ಲಿ ಅದೇ ಸ್ಕೆಲ್ ನದಿಯನ್ನು ಕಾಲುವೆ, ಕೊಳಗಳಾಗಿ ತಿದ್ದಿ ಉದ್ಯಾನ ಮಾಡಿದ. ಅವನ ಮಗ ವಿಲಿಯಂ 1767ರಲ್ಲಿ ಮಠದ ಅವಶೇಷಗಳನ್ನು ಕೊಂಡು, ಬಿದ್ದ ಕಲ್ಲುರಾಶಿ ತೆರವು ಮಾಡಿಸಿ, ಉದ್ಯಾನದ ಕೊನೆಯ ದೃಶ್ಯವಾಗಿ ಅವನ್ನು ಜೋಡಿಸಿದ. ಆ ರಾಶಿಗಳಲ್ಲಿ ಇತಿಹಾಸಕಾರರಿಗೆ ಬೇಕಾದ ಎಷ್ಟೋ ಸುಳಿವುಗಳು ಹೋಗಿರಬೇಕು. ಅವನು ಕೊಳ್ಳದಿದ್ದರೆ ಗೋಡೆಗಳೂ ಹೋಗುತ್ತಿದ್ದವೇನೋ. 1983ರಲ್ಲಿ, ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಇದನ್ನು ವಹಿಸಿಕೊಂಡಿತು. 1986ರಲ್ಲಿ ಮಠ, ಉದ್ಯಾನ ಎರಡೂ ಸೇರಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಬಂದವು.

ಲೀಡ್ಸ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೂ ಅವರ ಮನೆಗೆ ಬರುವ ತಂದೆತಾಯಿಗಳಿಗೂ ಇದು ಒಂದು ದಿನದ ಪ್ರವಾಸ. ಲೀಡ್ಸ್‌ನಿಂದ ಹ್ಯಾರೊಗೇಟ್ ಮೂಲಕ ರಿಪನ್‌ಗೆ 36ನೆಯ ಸಂಖ್ಯೆಯ ಬಸ್ಸು ಹೋಗುತ್ತದೆ. ಅಲ್ಲಿಂದ ಮುಂದಿನ ಬಸ್ಸು ವಿರಳವಾದ್ದರಿಂದ ವೇಳಾಪಟ್ಟಿ ಮೊದಲೇ ನೋಡಿಕೊಳ್ಳಬೇಕು, ಇಲ್ಲವೆ ಟ್ಯಾಕ್ಸಿ ಹಿಡಿಯಬೇಕು. ಮೇಲಿನ ಸಂದರ್ಶಕರ ಕೇಂದ್ರದಿಂದ ಮಠಕ್ಕೆ ಇಳಿಜಾರು ದಾರಿ. ಮಂಡಿನೋವಿನ ಹಿರಿಯರಿದ್ದರೆ ಪಶ್ಚಿಮದ ದ್ವಾರವೇ ಸಲೀಸು. ಮೊದಲು ಲೀಡ್ಸ್ ನಗರದೊಳಗೇ ಇರುವ ಕರ್ಕ್‌ಸ್ಟಾಲ್ ಅಬೆಯನ್ನು ನೋಡಿ ಬರುವುದು ಇನ್ನೂ ಉತ್ತಮ. ಅದು ಫೌಂಟನ್ಸ್‌ನಿಂದಲೇ 1147ರಲ್ಲಿ ಹೊರಟ ಸನ್ಯಾಸಿಗಳು ಕಟ್ಟಿದ ಶಾಖಾಮಠ. ನಕ್ಷೆ ಬಹುಪಾಲು ಒಂದೇ ಆಗಿರುವುದರಿಂದ, ಇಲ್ಲಿ ಕಳೆದುಹೋದ ಎಷ್ಟೋ ಭಾಗಗಳ ಅಂದಾಜು ಅಲ್ಲಿ ಸಿಗುತ್ತದೆ.

ಹೊರಡುವ ಮೊದಲು ಹವಾಮಾನ ನೋಡಿಕೊಳ್ಳುವುದು ಅಗತ್ಯ, ಏಕೆಂದರೆ ಜೋರು ಮಳೆಯಾದರೆ ಸ್ಕೆಲ್ ಉಕ್ಕಿ ಮಠದ ಅಂಗಳಕ್ಕೂ ನುಗ್ಗುತ್ತದೆ. 2007ರ ಪ್ರವಾಹದಲ್ಲಿ ಹಾಗೆಯೇ ಆಯಿತು. ಮಠವನ್ನು ಸಾಕಿದ ನದಿಯೇ ಈಗ ಅದಕ್ಕೆ ಇರುವ ದೊಡ್ಡ ಅಪಾಯ. ಅದನ್ನು ಗೋಡೆ ಕಟ್ಟಿ ತಡೆಯಲಾಗದೆಂದು ತಿಳಿದು, ಈಚಿನ ವರ್ಷಗಳಲ್ಲಿ ಟ್ರಸ್ಟ್ ಮೇಲ್ಭಾಗದ ರೈತರ ಜೊತೆ ಸೇರಿ ಕಣಿವೆಯುದ್ದಕ್ಕೂ ಮರ ನೆಡುವ, ಸಣ್ಣ ಹೊಂಡಗಳನ್ನು ತೋಡುವ, ಹೊಲಗಳಿಂದ ಹೂಳು ಹರಿದುಬರುವುದನ್ನು ತಗ್ಗಿಸುವ ಕೆಲಸ ಕೈಗೊಂಡಿದೆ.